ಕಂಪ್ಯೂಟರು ಮತ್ತು ಚದುರಂಗದ ಆಯಸ್ಸು: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ತಮ್ಮ ಪತ್ರ ತಲುಪಿತು. ಮೊಬೈಲಿನೊಳಗಿನ ಎಂಜಿನ್ನೇ (ಚದುರಂಗ ಆಡುವ ತಂತ್ರಾಂಶವೇ) ವಿಶ್ವ ಚಾಂಪಿಯನ್ನರನ್ನು ಮಣಿಸುವ ಕಾಲ ಬಂದಿದೆ, ದೊಡ್ಡ ಪಂದ್ಯಗಳು ಸಾಲುಸಾಲಾಗಿ ಡ್ರಾ ಆಗುತ್ತಿವೆ, ಇಂದಲ್ಲ ನಾಳೆ ಕಂಪ್ಯೂಟರು ಚದುರಂಗವನ್ನು ಲೆಕ್ಕದಂತೆ ಪೂರ್ತಿಯಾಗಿ ಬಿಡಿಸಿಬಿಡುತ್ತದೆ, ಹಾಗಿರುವಾಗ ಮಕ್ಕಳಿಗೆ ಈ ಆಟವನ್ನು ಕಲಿಸಿ ಪ್ರಯೋಜನವೇನು ಎಂದು ಕೇಳಿದ್ದೀರಿ. ತಮ್ಮ ಮಾತಿನಲ್ಲಿ ಎರಡು ಆತಂಕಗಳು ಬೆರೆತಿವೆ. ಆಟಕ್ಕೆ ಅಂತಿಮ ಉತ್ತರ ಸಿಕ್ಕಿಬಿಡುತ್ತದೆ ಎಂಬುದು ಒಂದು. ಯಂತ್ರದ ವಿಶ್ಲೇಷಣೆಯನ್ನು ಬಾಯಿಪಾಠ ಮಾಡಿಕೊಂಡು ಬಂದವರು ಅದನ್ನು ಮಣೆಯ ಮೇಲೆ ಒಪ್ಪಿಸಿ ಹೋಗುತ್ತಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೆದರಬೇಕಾಗಿಲ್ಲ. ಎರಡನೆಯದರಲ್ಲಿ ನಿಜಾಂಶವಿದೆ.

ಒಂದು ಆಟವನ್ನು ಕಂಪ್ಯೂಟರು ಬಿಡಿಸಿದ್ದುಂಟು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೇಫರ್ ಮತ್ತು ಸಂಗಡಿಗರು 2007ರಲ್ಲಿ ಚೆಕರ್ಸ್ ಆಟದ ಬಗ್ಗೆ, ಇಬ್ಬರೂ ತಪ್ಪದೆ ಆಡಿದರೆ ಅದು ಡ್ರಾ ಎಂದು ಸಾಧಿಸಿ ತೋರಿಸಿದರು. ಆ ಆಟದಲ್ಲಿರುವ ಸ್ಥಿತಿಗಳು, ಅಂದರೆ ಮಣೆಯ ಮೇಲೆ ಕಾಯಿಗಳು ನಿಲ್ಲಬಹುದಾದ ಬಗೆಗಳು, ಸುಮಾರು 5ರ ಮುಂದೆ 20 ಸೊನ್ನೆ ಬರೆದಷ್ಟು. ಚದುರಂಗದಲ್ಲಾದರೋ 1ರ ಮುಂದೆ 40ಕ್ಕೂ ಹೆಚ್ಚು ಸೊನ್ನೆಗಳು ಬೇಕು. ಆಡಬಹುದಾದ ಆಟಗಳ ಲೆಕ್ಕಕ್ಕೆ ಗಣಿತಜ್ಞ ಕ್ಲಾಡ್ ಶಾನನ್ 1950ರಲ್ಲೇ 1ರ ಮುಂದೆ 120 ಸೊನ್ನೆಗಳ ಅಂದಾಜು ಕೊಟ್ಟಿದ್ದರು. ಸದ್ಯಕ್ಕೆ ಪೂರ್ಣವಾಗಿ ಬಿಡಿಸಿ ಸಂಗ್ರಹಿಸಿರುವುದು ರಾಜರನ್ನೂ ಸೇರಿಸಿ ಏಳು ಕಾಯಿಗಳು ಉಳಿದ ಸ್ಥಿತಿಗಳವರೆಗೆ ಮಾತ್ರ. ಆಟ ಶುರುವಾಗುವುದು ಮೂವತ್ತೆರಡರಿಂದ, ಮತ್ತು ಒಂದೊಂದು ಕಾಯಿ ಹೆಚ್ಚಿದಂತೆ ಕೆಲಸ ಹಲವು ಪಟ್ಟು ಬೆಳೆಯುತ್ತದೆ.

ಬಿಡಿಸಿದ ಭಾಗದಿಂದ ಆಟಕ್ಕೆ ನಷ್ಟವಾಗಿದೆಯೇ ಎಂದು ನೋಡಿದರೆ, ಹಾಗೇನೂ ಕಾಣುವುದಿಲ್ಲ. ಒಂದು ಕುದುರೆಯ ಎದುರು ಎರಡು ಒಂಟೆಗಳಿರುವ ಅಂತ್ಯದಾಟದಲ್ಲಿ ಕುದುರೆಯ ಪಕ್ಷ ಒಂದು ಭದ್ರ ನೆಲೆಯಲ್ಲಿ ನಿಂತು ಡ್ರಾ ಮಾಡಿಕೊಳ್ಳಬಹುದೆಂದು 1851ರಿಂದ ನಂಬಲಾಗಿತ್ತು. 1983ರಲ್ಲಿ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ಅವರ ಕಂಪ್ಯೂಟರು ಆ ನೆಲೆಯನ್ನು ಮುರಿಯುವ ದಾರಿಯನ್ನು ಕಂಡುಹಿಡಿಯಿತು. ಗೆಲುವಿಗೆ ಕೆಲವೊಮ್ಮೆ 66 ನಡೆಗಳು ಬೇಕಾಗುತ್ತವೆ. ಅಷ್ಟೂ ನಡೆಗಳನ್ನು ನೆನಪಿನಲ್ಲಿಟ್ಟುಕೊಂಡು ಆಡಬಲ್ಲವರು ಎಷ್ಟು ಮಂದಿ? ಉತ್ತರ ಸಂಗ್ರಹದಲ್ಲಿ ಭದ್ರವಾಗಿದೆ. ಮಣೆಯ ಮುಂದೆ ಕುಳಿತವರು ಮಾತ್ರ ತಮ್ಮ ತಲೆಯನ್ನೇ ಓಡಿಸಬೇಕು.

2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ ಆಟವನ್ನು ತಾವೂ ನೋಡಿರಬಹುದು. ಆಗಿನ ಚಾಂಪಿಯನ್ ಚೀನಾದ ಡಿಂಗ್ ಲಿರೆನ್ ಮತ್ತು ಭಾರತದ ಗುಕೇಶ್, ಇಬ್ಬರ ಅಂಕಗಳೂ ಸಮ. ಗುಕೇಶರಿಗೆ ಒಂದು ಪದಾತಿ ಹೆಚ್ಚಿತ್ತು, ಆದರೂ ಎಂಜಿನ್ನಿನ ಲೆಕ್ಕದಲ್ಲಿ ಅದು ಡ್ರಾ. ಐವತ್ತೈದನೆಯ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ವಿನಿಮಯಕ್ಕೆ ಒಡ್ಡಿದರು. ಅವರ ಒಂಟೆ ಮಣೆಯ ಮೂಲೆಯಲ್ಲಿತ್ತು. ಆನೆಗಳು ಹೋದ ಮೇಲೆ ಗುಕೇಶರ ಒಂಟೆ ಅದೇ ಕರ್ಣದ ನಡುವೆ ಬಂದು ನಿಂತಿತು. ಮೂಲೆಯ ಒಂಟೆಗೆ ತಪ್ಪಿಸಿಕೊಳ್ಳಲು ಬೇರೆ ಮನೆಯಿಲ್ಲದೆ ಅವೂ ವಿನಿಮಯವಾಗಲೇಬೇಕಾಯಿತು. ಉಳಿದದ್ದು ರಾಜರು ಮತ್ತು ಪದಾತಿಗಳು, ಡಿಂಗ್ ಪಾಲಿಗೆ ಅದು ಸೋತ ಆಟ. ತಾಸುಗಟ್ಟಲೆ ಒತ್ತಡದಲ್ಲಿ ಕುಳಿತು, ಗಡಿಯಾರ ನೋಡುತ್ತ ಆಡಿದ ಮನುಷ್ಯನ ಕೈ ಅಲ್ಲಿ ತಪ್ಪಿತು, ಹದಿನೆಂಟರ ಹುಡುಗ ವಿಶ್ವ ಚಾಂಪಿಯನ್ ಆದ. (ಯಾರದು ಮೇಲುಗೈ ಎಂದು ತೋರಿಸುತ್ತ ಪರದೆಯ ಬದಿಯಲ್ಲಿ ಏರಿಳಿಯುವ ಎಂಜಿನ್ ಪಟ್ಟಿಯನ್ನು ನೋಡಿಕೊಂಡು ಇಂಥ ನಡೆಗಳನ್ನು ಹಾಸ್ಯ ಮಾಡುವವರನ್ನು ಕಂಡರೆ ನನಗೆ ಅಸಹನೆ. ಆ ಪಟ್ಟಿಯನ್ನು ಮುಚ್ಚಿಟ್ಟರೆ ಅವರಲ್ಲಿ ಎಷ್ಟು ಜನರಿಗೆ ತಪ್ಪು ಹೊಳೆಯುತ್ತಿತ್ತೋ!)

ಇನ್ನು ತಮ್ಮ ಎರಡನೆಯ ಆತಂಕ. ದೂರದಲ್ಲಿರುವವರು ನಡೆಗಳನ್ನು ಬರೆದು ಕಳಿಸಿ ಆಡುವ ಅಂಚೆ ಚದುರಂಗದಲ್ಲಿ ಎಂಜಿನ್ ಬಳಕೆಗೆ ಅನುಮತಿಯಿದೆ, ಯೋಚಿಸಲು ದಿನಗಟ್ಟಲೆ ಸಮಯವಿದೆ. ಅದರ ಉನ್ನತ ಮಟ್ಟದಲ್ಲಿ ಈಗ ಸೋಲು-ಗೆಲುವು ಕಾಣಸಿಗುವುದೇ ಅಪರೂಪ. ಆ ಪ್ರಕಾರದ ಮಟ್ಟಿಗೆ ತಮ್ಮ ಭವಿಷ್ಯವಾಣಿ ಬಹುಪಾಲು ನಿಜವಾಗಿದೆ ಎಂದೇ ಹೇಳಬೇಕು. ಎಂಜಿನ್‌ಗಳು ತಮ್ಮತಮ್ಮಲ್ಲೇ ಆಡುವ ಪಂದ್ಯಾವಳಿಗಳಲ್ಲೂ, ಎಲ್ಲ ಡ್ರಾ ಆಗದಿರಲೆಂದು, ಒಂದು ಪಕ್ಷಕ್ಕೆ ಅನುಕೂಲವಾದ ಆರಂಭಗಳನ್ನು ಸಂಘಟಕರೇ ಕೊಡುತ್ತಾರೆ. 2018ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾರ್ಲ್‌ಸನ್ ಮತ್ತು ಕರುವಾನಾ ನಡುವಿನ ಹನ್ನೆರಡು ಕ್ಲಾಸಿಕಲ್ (ದೀರ್ಘಾವಧಿಯ) ಆಟಗಳೂ ಡ್ರಾ ಆದದ್ದು ತಮಗೆ ನೆನಪಿರಬಹುದು. ಆದರೆ ಇಂಥ ಡ್ರಾಗಳ ಹೊಣೆಯನ್ನೆಲ್ಲ ಯಂತ್ರದ ತಲೆಗೆ ಕಟ್ಟಲಾಗದು: ಕಂಪ್ಯೂಟರೇ ಇಲ್ಲದಿದ್ದ 1927ರಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಕ್ಯಾಪಾಬ್ಲಾಂಕಾ ಮತ್ತು ಅಲೆಖಿನ್ ಆಡಿದ 34 ಆಟಗಳಲ್ಲಿ 25 ಡ್ರಾ ಆಗಿದ್ದವು.

ಬಾಯಿಪಾಠದ ಕಾಟಕ್ಕೆ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ 1996ರಲ್ಲಿ ಸೂಚಿಸಿದ ಮದ್ದು ಹಿಂದಿನ ಸಾಲಿನ ಕಾಯಿಗಳನ್ನು ಚೀಟಿ ಎತ್ತಿದಂತೆ ಜೋಡಿಸುವುದು. ಅದರಲ್ಲಿ 960 ಬಗೆಯ ಆರಂಭಗಳಿವೆ. ಅಷ್ಟನ್ನೂ ಸಿದ್ಧಪಡಿಸಿಕೊಂಡು ಬರುವುದು ಯಾರಿಂದಲೂ ಆಗದು. ಅದು ತುತ್ತತುದಿಯ ಕೆಲವರಿಗೆ ಬೇಕಾದ ಪರಿಹಾರ. ತಮ್ಮ ಮಕ್ಕಳಿಗೆ ಅದರ ಅಗತ್ಯ ಸದ್ಯಕ್ಕೆ ಬಾರದು, ಏಕೆಂದರೆ ಸಾಮಾನ್ಯ ಆಟಗಾರರ ನಡುವೆ ಹತ್ತನೆಯ ನಡೆಯ ಹೊತ್ತಿಗೆ ಇಬ್ಬರೂ ಕಲಿತ ದಾರಿಯನ್ನು ಬಿಟ್ಟಿರುತ್ತಾರೆ. ಅವರಿಗೆ ಧಾರಾಳವಾಗಿ ಕಲಿಸಿ. ಸೋತ ಕೂಡಲೇ ಎಂಜಿನ್ ತೆರೆಯಲು ಮಾತ್ರ ಬಿಡಬೇಡಿ. ಎಲ್ಲಿ ಎಡವಿದೆವೆಂದು ಮೊದಲು ಅವರೇ ಹುಡುಕಲಿ.

ನಮ್ಮ ಪತ್ರಿಕೆಯ ಆಟಗಳ ಟಿಪ್ಪಣಿಯಲ್ಲಿ ಎಂಜಿನ್ನಿನ ಅಂಕಗಳನ್ನೂ ಅಚ್ಚು ಮಾಡಬೇಕೆಂಬ ತಮ್ಮ ಸಲಹೆಯನ್ನು ಒಪ್ಪಲಾರೆ. ಸೊನ್ನೆ (ಇಬ್ಬರೂ ಸಮ) ಎಂದು ಅಂಕ ತೋರಿಸುವ ಸ್ಥಿತಿಯಲ್ಲಿ ಒಬ್ಬರಿಗೆ ಯಾವ ನಡೆಯಾದರೂ ನಡೆಯುತ್ತದೆ, ಇನ್ನೊಬ್ಬರು ಉಳಿಯಬೇಕಾದರೆ ಇರುವ ಒಂದೇ ದಾರಿಯನ್ನು ಸಾಲಾಗಿ ನಾಲ್ಕೈದು ಸಲ ಕಂಡುಕೊಳ್ಳಬೇಕು ಎನ್ನುವುದು ಆ ಅಂಕದಿಂದ ತಿಳಿಯುವುದೇ ಇಲ್ಲ. ಟಿಪ್ಪಣಿಕಾರರ ತೀರ್ಮಾನವನ್ನು ಎಂಜಿನ್ ತಿರುವುಮುರುವು ಮಾಡಿದ ಕಡೆ, ಮುಂದಿನ ಸಂಚಿಕೆಯಿಂದ ಆ ನಡೆಯನ್ನೂ ಅದರ ಕಾರಣವನ್ನೂ ಮಾತಿನಲ್ಲೇ ಕೊಡುತ್ತೇವೆ.

— ಸಂ.