ಆ ಒಂದು ಸಾಲಿನಿಂದ ಶುರು ಮಾಡಿ

ನಮಸ್ಕಾರ,

‘ಮೂಳೆಗಳ ಆರೋಗ್ಯದಲ್ಲಿ ಖನಿಜಗಳ ಪಾತ್ರ’ ಎಂಬ ನಿಮ್ಮ ಲೇಖನವನ್ನು ನಿಧಾನವಾಗಿ ಕೂತು ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ‘ಕ್ಷಮಿಸಿ’ ಎಂದು ಒಂದು ಸಾಲು ಬರೆದು ವಾಪಸ್ ಕಳಿಸೋಕೂ ನನಗೆ ಮನಸ್ಸಿಲ್ಲ. ನೀವು ಕಳಿಸಿದ ಆರು ಪುಟಗಳೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ಎಲ್ಲಿದೆ ಅಂತ ಹೇಳೋಕೆ ಈ ಪತ್ರ.

ಮೊದಲ ಪ್ಯಾರಾದಲ್ಲಿ ದೇಹದಲ್ಲಿ 206 ಮೂಳೆಗಳಿವೆ ಎಂದಿದ್ದೀರಿ. ಆಮೇಲೆ ಕ್ಯಾಲ್ಸಿಯಂ, ರಂಜಕ, ಮೆಗ್ನೀಸಿಯಂ, ಸತು, ತಾಮ್ರ, ಮ್ಯಾಂಗನೀಸ್, ಫ್ಲೋರೈಡ್ ಅಂತ ಸಾಲಾಗಿ ಒಂದೊಂದಕ್ಕೂ ಒಂದೊಂದು ಪ್ಯಾರಾ. ಎಲ್ಲವೂ ‘ಇದು ಮೂಳೆಗೆ ಅತಿ ಮುಖ್ಯ’ ಅಂತಲೇ ಮುಗಿಯುತ್ತವೆ. ಎಲ್ಲವೂ ಅತಿ ಮುಖ್ಯ ಅಂದರೆ ಯಾವುದನ್ನು ನೆನಪಿಟ್ಟುಕೊಳ್ಳಬೇಕು ಅಂತ ಓದುಗರಿಗೆ ತಿಳಿಯುವುದೇ ಇಲ್ಲ.

ಆದರೆ ಸತುವಿನ ಪ್ಯಾರಾ ಶುರುವಾಗುವ ಮೊದಲು ನೀವು ಒಂದು ಸಾಲು ಬರೆದಿದ್ದೀರಿ: ‘ನಮ್ಮ ಸೋದರತ್ತೆ ವರ್ಷಗಟ್ಟಲೆ ಕ್ಯಾಲ್ಸಿಯಂ ಮಾತ್ರೆ ತಗೊಂಡಿದ್ದರು, ರಕ್ತ ಪರೀಕ್ಷೆಯಲ್ಲೂ ಕ್ಯಾಲ್ಸಿಯಂ ಸರಿಯಾಗಿತ್ತು, ಆದರೂ ನೀರಿನ ಬಕೆಟ್ ಎತ್ತೋಕೆ ಬಗ್ಗಿದಾಗ ಬೆನ್ನುಮೂಳೆ ಮುರಿಯಿತು.’ ಇಷ್ಟು ಹೇಳಿ ಮುಂದಿನ ಸಾಲಿನಲ್ಲೇ ಸತುವಿಗೆ ಹಾರಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ಮಾತ್ರೆಯೂ ತಗೊಂಡಿದ್ದಾರೆ, ವರದಿಯೂ ಸರಿಯಿದೆ, ಮತ್ತೆ ಮೂಳೆ ಯಾಕೆ ಮುರಿಯಿತು? ಓದುವ ಯಾರಿಗಾದರೂ ಈ ಪ್ರಶ್ನೆ ಬರುತ್ತೆ, ಅಲ್ವಾ? ನಿಮ್ಮ ಲೇಖನ ಅಲ್ಲಿಂದಲೇ ಶುರುವಾಗಲಿ. ಪೂರ್ತಿ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕಲಿ.

ಅದಕ್ಕೆ ಮೊದಲು ಒಂದು ತಪ್ಪನ್ನು ತೆಗೆಯಬೇಕು. ‘ಮೂಳೆ ಗಟ್ಟಿಯಾಗಿದೆಯೇ ಎಂದು ತಿಳಿಯಲು ರಕ್ತದ ಕ್ಯಾಲ್ಸಿಯಂ ಪರೀಕ್ಷಿಸಿಕೊಳ್ಳಿ’ ಎಂದು ಬರೆದಿದ್ದೀರಿ. ಇದು ತಪ್ಪು, ಅದೂ ಓದಿದವರಿಗೆ ತೊಂದರೆ ಮಾಡುವ ತಪ್ಪು. ವರದಿ ನೋಡಿ ‘ನನ್ನ ಮೂಳೆ ಚೆನ್ನಾಗಿದೆ’ ಅಂತ ನೆಮ್ಮದಿಯಿಂದ ಕೂರುವವರು ಇದ್ದಾರೆ. ನಿಮ್ಮ ಅತ್ತೆಯವರೂ ಬಹುಶಃ ಹಾಗೇ ಇದ್ದಿರಬೇಕು.

ದೊಡ್ಡವರ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಶೇ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲೇ ಇದೆ. ಉಳಿದ ಶೇ 1 ರಕ್ತದಲ್ಲಿ, ಜೀವಕೋಶಗಳಲ್ಲಿ ಇರುತ್ತದೆ. ನೀವು ಆ ಶೇ 99ನ್ನೇ ಹಿಡಿದುಕೊಂಡು ಬರೆದಿದ್ದೀರಿ. ಆದರೆ ದೇಹಕ್ಕೆ ಕ್ಷಣಕ್ಷಣವೂ ಚಿಂತೆ ಇರುವುದು ಆ ಶೇ 1ರದ್ದು. ಸ್ನಾಯು ಬಿಗಿಯೋಕೆ, ನರ ಸಂದೇಶ ಸಾಗಿಸೋಕೆ, ರಕ್ತ ಹೆಪ್ಪುಗಟ್ಟೋಕೆ, ಹೃದಯ ಹದವಾಗಿ ಬಡಿಯೋಕೆ ಅದು ಬೇಕೇ ಬೇಕು. ಹಾಗಾಗಿ ರಕ್ತದ ಕ್ಯಾಲ್ಸಿಯಂ 100 ಮಿಲಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಆಸುಪಾಸಿನಲ್ಲೇ ಇರುವಂತೆ ದೇಹ ನೋಡಿಕೊಳ್ಳುತ್ತದೆ.

ಈ ಕಾವಲು ಕಾಯುವುದು ಕತ್ತಿನಲ್ಲಿ, ಥೈರಾಯ್ಡ್ ಹಿಂದೆ ಇರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಸಾಮಾನ್ಯವಾಗಿ ನಾಲ್ಕು ಇರುತ್ತವೆ, ಒಂದೊಂದೂ ಕೆಲವೇ ಮಿಲಿಮೀಟರ್ ಗಾತ್ರ. ರಕ್ತದಲ್ಲಿ ಕ್ಯಾಲ್ಸಿಯಂ ಚೂರು ಇಳಿದರೂ ಸಾಕು, ಅವು ಹಾರ್ಮೋನ್ ಬಿಡುತ್ತವೆ. ಆಗ ಮೂತ್ರಪಿಂಡ ಕ್ಯಾಲ್ಸಿಯಂ ಅನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ. ವಿಟಮಿನ್ ಡಿ ಚುರುಕಾಗುವ ರೂಪಕ್ಕೆ ತಿರುಗುತ್ತದೆ, ಅದರಿಂದ ಕರುಳು ಊಟದಲ್ಲಿರುವ ಕ್ಯಾಲ್ಸಿಯಂ ಅನ್ನು ಜಾಸ್ತಿ ಹೀರುತ್ತದೆ. ಜೊತೆಗೆ ಮೂಳೆ ಕರಗಿ ತನ್ನಲ್ಲಿರುವುದನ್ನು ರಕ್ತಕ್ಕೆ ಕೊಡುತ್ತದೆ. ಅಂದರೆ ರಕ್ತದ ವರದಿ ಸರಿಯಾಗಿ ಕಾಣುತ್ತಿರುವುದೇ ಮೂಳೆ ತನ್ನದನ್ನು ಬಿಟ್ಟುಕೊಡುತ್ತಿರುವುದರಿಂದ ಇರಬಹುದು. ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಇರುವ ಬಹುತೇಕರ ರಕ್ತದ ಕ್ಯಾಲ್ಸಿಯಂ ಸರಿಯಾಗಿಯೇ ಇರುತ್ತದೆ. ಅದನ್ನು ಪತ್ತೆ ಮಾಡುವುದು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್. ಅದರಲ್ಲಿ ಬರುವ ಟಿ ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ನಿಮ್ಮ ಲೇಖನದಲ್ಲಿ ಈ ಸ್ಕ್ಯಾನಿನ ಹೆಸರೇ ಇಲ್ಲ. ಸೇರಿಸಿ.

ಅತ್ತೆಯವರ ವಯಸ್ಸನ್ನೂ ನೀವು ಬರೆದಿಲ್ಲ. ಈ ಕಥೆಯಲ್ಲಿ ವಯಸ್ಸು ತುಂಬಾ ಹೇಳುತ್ತೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಎಂಬ ಹಾರ್ಮೋನ್ ಇಳಿಯುತ್ತದೆ, ಮೂಳೆ ಕರಗುವ ವೇಗ ಏರುತ್ತದೆ. ನಂತರದ ಐದರಿಂದ ಏಳು ವರ್ಷಗಳಲ್ಲಿ ಕೆಲವರು ಮೂಳೆಯ ಸಾಂದ್ರತೆಯಲ್ಲಿ ಶೇ 20ರವರೆಗೂ ಕಳೆದುಕೊಳ್ಳುತ್ತಾರೆ. ಬೆನ್ನುಮೂಳೆಯ ಒಳಭಾಗ ಗಟ್ಟಿ ತುಂಡಲ್ಲ, ಸಣ್ಣ ಸಣ್ಣ ಕಡ್ಡಿಗಳ ಹೆಣಿಗೆ. ಆ ಕಡ್ಡಿಗಳು ತೆಳುವಾಗುತ್ತಾ ಹೋಗಿ ನಡುವೆ ತುಂಡಾದರೆ ಮತ್ತೆ ಕೂಡಿಕೊಳ್ಳುವುದು ಕಷ್ಟ. ಹೊಸ ಮೂಳೆ ಕೂರೋಕೆ ಹಳೆಯದರ ಆಸರೆ ಬೇಕು, ಆ ಆಸರೆಯೇ ಹೋಗಿರುತ್ತೆ. ಮುಂದಕ್ಕೆ ಬಗ್ಗಿ ಭಾರ ಎತ್ತಿದಾಗ ಬೆನ್ನುಮೂಳೆಯ ಮುಂಭಾಗದ ಮೇಲೆ ಒತ್ತಡ ಬೀಳುತ್ತದೆ, ಅದು ಅಲ್ಲೇ ಕುಸಿಯುತ್ತದೆ. ಜೋರಾಗಿ ಕೆಮ್ಮಿದರೂ ಹೀಗಾಗುವುದುಂಟು. ಇಂಥ ಎಷ್ಟೋ ಕುಸಿತಗಳು ಗೊತ್ತೇ ಆಗುವುದಿಲ್ಲ, ಸುಮ್ನೆ ಬೆನ್ನುನೋವು ಅಂತ ಜನ ಓಡಾಡಿಕೊಂಡಿರುತ್ತಾರೆ. ಬೆನ್ನು ಬಾಗುತ್ತದೆ, ಎತ್ತರ ಕಡಿಮೆಯಾಗುತ್ತದೆ. ನಿಮ್ಮ ಅತ್ತೆಯವರಿಗೆ ಹಾಗೇನಾದರೂ ಆಗಿತ್ತಾ? ಕೇಳಿ ನೋಡಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ.

‘ಮೂಳೆ ಎಂದರೆ ಗೋಡೆ, ಕ್ಯಾಲ್ಸಿಯಂ ಅದರ ಇಟ್ಟಿಗೆ’ ಎಂಬ ಹೋಲಿಕೆ ನಿಮಗೆ ಇಷ್ಟವಾಗಿದೆ ಅಂತ ಕಾಣುತ್ತೆ, ಮೂರು ಕಡೆ ಬಂದಿದೆ. ದಯವಿಟ್ಟು ತೆಗೆದುಬಿಡಿ. ಗೋಡೆ ಕಟ್ಟಿದ ಮೇಲೆ ಹಾಗೇ ನಿಂತಿರುತ್ತದೆ. ಮೂಳೆಗೆ ಜೀವ ಇದೆ. ದೊಡ್ಡವರ ಮೂಳೆಗಳಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಭಾಗ ಹೊಸದಾಗುತ್ತದೆ. ಒಂದು ಬಗೆಯ ಕೋಶಗಳು ಹಳೆಯ ಮೂಳೆಯನ್ನು ಕೆಲವು ವಾರಗಳಲ್ಲಿ ಕರಗಿಸುತ್ತವೆ. ಇನ್ನೊಂದು ಬಗೆಯವು ಅದೇ ಜಾಗ ತುಂಬೋಕೆ ಮೂರು ನಾಲ್ಕು ತಿಂಗಳು ತಗೊಳ್ಳುತ್ತವೆ. ಕರಗಿಸುವುದು ಬೇಗ, ಕಟ್ಟುವುದು ನಿಧಾನ. ಕರಗುವ ಜಾಗಗಳು ಹೆಚ್ಚಾದಷ್ಟೂ ಕಟ್ಟುವವು ಹಿಂದೆ ಬೀಳುತ್ತವೆ. ಅತ್ತೆಯವರ ಮಾತ್ರೆ ಯಾಕೆ ಸಾಲಲಿಲ್ಲ ಅನ್ನೋದು ಇಲ್ಲಿ ಅರ್ಥವಾಗುತ್ತದೆ. ಕಟ್ಟುವ ಸಾಮಾನು ತಂದುಕೊಟ್ಟ ಮಾತ್ರಕ್ಕೆ ಕರಗುವ ವೇಗ ನಿಲ್ಲುವುದಿಲ್ಲ.

ಮೂಳೆಯಲ್ಲಿ ಖನಿಜ ಮಾತ್ರ ಇಲ್ಲ ಎನ್ನುವುದನ್ನೂ ನೀವು ಬಿಟ್ಟಿದ್ದೀರಿ. ಇದನ್ನು ಓದಿ ಬರೆಯುವ ಬದಲು ಕಣ್ಣಾರೆ ನೋಡಿ ಬರೆಯಿರಿ. ಕೋಳಿಯ ಕಾಲಿನ ಮೂಳೆಯೊಂದನ್ನು ಚೆನ್ನಾಗಿ ತೊಳೆದು, ಮುಳುಗುವಷ್ಟು ವಿನೆಗರ್ ಹಾಕಿ, ಕೆಲವು ದಿನ ಬಿಡಿ. ನಡುವೆ ವಿನೆಗರ್ ಬದಲಿಸಿ. ಆಮ್ಲಕ್ಕೆ ಖನಿಜ ಕರಗಿಹೋಗುತ್ತದೆ. ಉಳಿದದ್ದು ನೋಡೋಕೆ ಮೂಳೆಯ ಹಾಗೇ ಇರುತ್ತೆ, ಆದರೆ ಕೈಯಲ್ಲಿ ಹಿಡಿದರೆ ಬಾಗುತ್ತದೆ. ಅದು ಕೊಲಾಜೆನ್, ಅಂದರೆ ಪ್ರೋಟೀನ್. ಅದೇ ಮೂಳೆಯನ್ನು ಚೆನ್ನಾಗಿ ಸುಟ್ಟರೆ ಪ್ರೋಟೀನ್ ಹೋಗಿ ಖನಿಜ ಉಳಿಯುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ಗಡಸುತನ ಖನಿಜದ್ದು, ಮುರಿಯದೆ ತಾಳಿಕೊಳ್ಳುವ ಗುಣ ಪ್ರೋಟೀನಿನದ್ದು. ನೀವು ಬಾಗಿಸಿ ನೋಡಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದರೆ ಓದುಗರು ಮರೆಯುವುದಿಲ್ಲ.

ಇದು ಗೊತ್ತಿದ್ದರೆ ಫ್ಲೋರೈಡ್ ಬಗ್ಗೆ ‘ಮೂಳೆಯನ್ನು ಗಟ್ಟಿ ಮಾಡುತ್ತದೆ’ ಅಂತ ಅಷ್ಟು ಸಲೀಸಾಗಿ ನೀವು ಬರೆಯುತ್ತಿರಲಿಲ್ಲ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಸ್ಟಿಯೊಪೊರೋಸಿಸ್ ಇದ್ದ ಮಹಿಳೆಯರಿಗೆ ನಾಲ್ಕು ವರ್ಷ ಸೋಡಿಯಂ ಫ್ಲೋರೈಡ್ ಕೊಟ್ಟು ನೋಡಿದರು. ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಶೇ 35ರಷ್ಟು ಏರಿತು. ಆದರೆ ಬೆನ್ನುಮೂಳೆ ಮುರಿಯುವುದು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ, ಬೇರೆ ಮೂಳೆಗಳು ಮುರಿಯುವುದು ಹೆಚ್ಚಾಯಿತು. ಸಾಂದ್ರತೆ ಏರಿದ ಮಾತ್ರಕ್ಕೆ ಬಲ ಬರುವುದಿಲ್ಲ ಅಂತ ತೋರಿಸೋಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಆ ಪ್ಯಾರಾವನ್ನು ಹೊಸದಾಗಿ ಬರೆಯಿರಿ.

ಮೆಗ್ನೀಸಿಯಂ ಬಗ್ಗೆ ನೀವು ಹೇಳದೆ ಬಿಟ್ಟಿರುವುದೇ ಸ್ವಾರಸ್ಯದ್ದು. ಅದು ತೀರಾ ಕಡಿಮೆಯಾದರೆ ಪ್ಯಾರಾಥೈರಾಯ್ಡ್ ಗ್ರಂಥಿಗಳು ತಮ್ಮ ಕೆಲಸ ಸರಿಯಾಗಿ ಮಾಡಲಾರವು. ಆಗ ರಕ್ತದ ಕ್ಯಾಲ್ಸಿಯಂ ಇಳಿಯುತ್ತದೆ, ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಏರಿ ನಿಲ್ಲುವುದಿಲ್ಲ. ಮೆಗ್ನೀಸಿಯಂ ಕೊಟ್ಟ ಮೇಲೆಯೇ ಸರಿಹೋಗುತ್ತದೆ. ಒಂದು ಖನಿಜ ಇನ್ನೊಂದರ ಮೇಲೆ ಹೇಗೆ ನಿಂತಿದೆ ನೋಡಿ. ತಾಮ್ರ, ಸತು, ಮ್ಯಾಂಗನೀಸ್ ಮೂರಕ್ಕೂ ಸೇರಿ ಒಂದೇ ಪ್ಯಾರಾ ಸಾಕು. ರಂಜಕಕ್ಕೆ ಎರಡು ಸಾಲು: ದೇಹದ ರಂಜಕದಲ್ಲಿ ಸುಮಾರು ಶೇ 85 ಮೂಳೆ, ಹಲ್ಲುಗಳಲ್ಲಿದೆ, ಆರೋಗ್ಯವಂತರಿಗೆ ಅದರ ಕೊರತೆ ಅಪರೂಪ. ಮೂತ್ರಪಿಂಡ ಸೋತವರಲ್ಲಿ ರಕ್ತದಲ್ಲಿ ಅದರ ಮಟ್ಟ ಏರಿ ಮೂಳೆಗೇ ಕುತ್ತು ತರುತ್ತದೆ.

ಇನ್ನು ನನಗೆ ಸಿಟ್ಟು ಬಂದ ಸಾಲು. ‘ದಿನಕ್ಕೆ ಎರಡು ಮಾತ್ರೆ ತೆಗೆದುಕೊಂಡರೆ ಮೂಳೆ ಮುರಿತದ ಭಯವೇ ಇಲ್ಲ.’ ನಿಮ್ಮ ಅತ್ತೆಯವರ ಕಥೆಯೇ ಇದನ್ನು ಸುಳ್ಳು ಮಾಡುತ್ತಿದೆಯಲ್ಲ! ಮುಟ್ಟು ನಿಂತ 36 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡ ಅಧ್ಯಯನವೊಂದರ ಫಲಿತಾಂಶ 2006ರಲ್ಲಿ ಬಂತು. ಅದರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ, ಜೊತೆಗೆ ವಿಟಮಿನ್ ಡಿ ಕೊಟ್ಟಿದ್ದರು. ಅವರ ಸೊಂಟದ ಮೂಳೆಯ ಸಾಂದ್ರತೆ ಉಳಿದವರಿಗಿಂತ ಶೇ 1ರಷ್ಟು ಮೇಲಿತ್ತು. ಸೊಂಟದ ಮೂಳೆ ಮುರಿತ ಕಡಿಮೆಯಾಯಿತು ಅಂತ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಮೂತ್ರಪಿಂಡದ ಕಲ್ಲು ಮಾತ್ರ ಶೇ 17ರಷ್ಟು ಹೆಚ್ಚಾಯಿತು.

ಹಾಗಂತ ಮಾತ್ರೆ ದಂಡ ಅಂತಲೂ ಬರೆಯಬೇಡಿ. ಊಟದಲ್ಲಿ ನಿಜವಾಗಿ ಕೊರತೆ ಇರುವವರಿಗೆ, ಆಸ್ಟಿಯೊಪೊರೋಸಿಸ್ ಔಷಧಿ ತಗೊಳ್ಳುತ್ತಿರುವವರಿಗೆ ವೈದ್ಯರು ಕ್ಯಾಲ್ಸಿಯಂ ಕೊಡುತ್ತಾರೆ, ಅದು ಬೇಕು ಕೂಡ. ಆದರೆ ಒಂದೇ ಸಲ 500 ಮಿಲಿಗ್ರಾಂಗಿಂತ ಜಾಸ್ತಿ ನುಂಗಿದರೆ ಕರುಳು ಹೀರುವ ಪ್ರಮಾಣ ಇಳಿಯುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆಗೇ ತಗೊಳ್ಳಬೇಕು. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ಮೂತ್ರಪಿಂಡದ ತೊಂದರೆ ಇರುವವರು, ಕಲ್ಲು ಆಗಿದ್ದವರು ಕೇಳದೆ ಶುರು ಮಾಡಲೇಬಾರದು. ಕೊನೆಯಲ್ಲಿ ‘ವೈದ್ಯರನ್ನು ಸಂಪರ್ಕಿಸಿ’ ಅಂತ ಒಂದು ಸಾಲು ಹಾಕಿ ಕೈ ತೊಳೆದುಕೊಂಡರೆ ಸಾಲದು. ಯಾರು ಯಾಕೆ ಕೇಳಬೇಕು ಅಂತ ಬಿಡಿಸಿ ಹೇಳಿ.

ನಡಿಗೆ, ವ್ಯಾಯಾಮದ ಬಗ್ಗೆ ಒಂದು ಪದವೂ ಇಲ್ಲದ್ದು ಆಶ್ಚರ್ಯ. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇರುವ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಸುಮಾರು ಶೇ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತದೆ ಅಂತ ಕಂಡುಬಂದಿದೆ. ಅವರ ಊಟವನ್ನು ಅಳೆದು ತೂಗಿ ಕೊಡುತ್ತಾರೆ. ಆದರೆ ಅಲ್ಲಿ ಮೂಳೆಯ ಮೇಲೆ ಭಾರ ಬೀಳುವುದಿಲ್ಲ. ಭಾರ ಹೊರುವ ಕೆಲಸ ಇಲ್ಲದಿದ್ದರೆ ಮೂಳೆಯನ್ನು ದೇಹ ಉಳಿಸಿಕೊಳ್ಳುವುದಿಲ್ಲ.

ಭಾಷೆಯ ವಿಷಯ ಬೇಗ ಮುಗಿಸುತ್ತೇನೆ. ‘ಅಸ್ಥಿವ್ಯವಸ್ಥೆಯ ಸದೃಢತೆಯ ಸಂರಕ್ಷಣೆ’ ಎಂದು ಬರೆಯುವ ನೀವೇ ಅತ್ತೆಯವರ ಆ ಸಾಲನ್ನೂ ಬರೆದಿದ್ದೀರಿ. ಅಲ್ಲಿ ನಿಮ್ಮ ದನಿ ಕೇಳಿಸಿತು. ಪೂರ್ತಿ ಲೇಖನ ಅದೇ ದನಿಯಲ್ಲಿರಲಿ. ಕೊನೆಯ ಕೋಷ್ಟಕ ಬೇಡ.

ಹೊಸದಾಗಿ ಬರೆಯುವ ಮೊದಲು ಅತ್ತೆಯವರಿಗೆ ವಿಷಯ ಹೇಳಿ ಒಪ್ಪಿಗೆ ತಗೊಳ್ಳಿ. ಹೆಸರು ಬೇಡ ಅಂದರೆ ಹಾಕಬೇಡಿ. ಬರೆದಾದ ಮೇಲೆ ಮೂಳೆ ವೈದ್ಯರೊಬ್ಬರಿಗೋ ಹಾರ್ಮೋನ್ ತಜ್ಞರಿಗೋ ಓದಲು ಕೊಡಿ, ಅವರು ತಿದ್ದಿದ ಪ್ರತಿಯನ್ನೂ ನನಗೆ ಕಳಿಸಿ. ಸಾವಿರದ ಇನ್ನೂರು ಪದ ದಾಟದಿರಲಿ. ನಾನು ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ