ದಾವಣಗೆರೆಯಲ್ಲಿ ಸಣ್ಣ ಗ್ಯಾರೇಜ್ ಇಡ್ತಿದ್ದೀನಿ, ಮನೆಗೂ ಆಗುವಂಥ ಏರ್ ಟೂಲ್ ಕಿಟ್ ಯಾವುದು ತಗೊಳ್ಳಲಿ?

ಕಿಟ್‌ನಲ್ಲಿ ಎಷ್ಟು ಪೀಸ್ ಇವೆ ಅಂತ ಎಣಿಸೋದು ಬಿಡಿ, ಮೊದಲು ಕಂಪ್ರೆಸರ್, ಅಂದ್ರೆ ಟೂಲ್‌ಗಳಿಗೆ ಗಾಳಿ ಒತ್ತಿ ಕೊಡೋ ಯಂತ್ರ, ನೋಡಿ. ಬಹುತೇಕ ಟೂಲ್‌ಗಳಿಗೆ 90 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು, ಅದು ಚಿಕ್ಕ ಕಂಪ್ರೆಸರಲ್ಲೂ ಸಿಗುತ್ತೆ. ಕೈ ಕೊಡೋದು ಸಿಎಫ್‌ಎಂ, ಅಂದ್ರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬರುತ್ತೆ ಅನ್ನೋದು. ನಟ್ ಬಿಚ್ಚಿ ಬಿಗಿ ಮಾಡೋ ಅರ್ಧ ಇಂಚಿನ ಇಂಪ್ಯಾಕ್ಟ್ ರೆಂಚ್ (ಸಾಕೆಟ್ ಕೂರೋ ತುದಿಯ ಅಳತೆ ಅದು) ಸುಮಾರು 5 ಸಿಎಫ್‌ಎಂ ಕೇಳುತ್ತೆ. ಬಿಟ್ಟು ಬಿಟ್ಟು ಓಡಿಸೋದರಿಂದ 50 ಲೀಟರ್ ಟ್ಯಾಂಕಲ್ಲಿ ನಡೆಯುತ್ತೆ. ಉಜ್ಜಿ ನಯ ಮಾಡೋ ಸ್ಯಾಂಡರ್ ಹಾಗಲ್ಲ, ಒಂದೇ ಸಮ ಗಾಳಿ ಕುಡಿಯುತ್ತೆ, 2 ಎಚ್‌ಪಿ ಮೋಟಾರ್ ಏದುಸಿರು ಬಿಡುತ್ತೆ. ಪಿ.ಬಿ. ರಸ್ತೆ ಕಡೆ ಲಾರಿ ಚಕ್ರದ ಕೆಲಸವೂ ಹಿಡಿಯೋದಾದ್ರೆ ಅರ್ಧ ಇಂಚಿನದು ಸಾಲೋಲ್ಲ, ಒಂದಿಂಚಿನದೇ ಬೇಕು.

ಮನೆಗೆ ಬ್ಲೋ ಗನ್, ಟೈರ್ ಇನ್‌ಫ್ಲೇಟರ್ ಸಾಕು. (ಬ್ಲೋ ಗನ್ನಿಂದ ಮೈಮೇಲಿನ ಧೂಳು ಊದ್ಕೊಳ್ಳೋ ಚಟ ಬೇಡ.) ದಿನಾ ಸಂಜೆ ಟ್ಯಾಂಕಿನ ಅಡಿಯ ಡ್ರೈನ್ ಕಾಕ್ ತೆರೆದು ಒಳಗೆ ಸೇರಿದ ನೀರು ಹೊರಗೆ ಬಿಡಿ, ಇಲ್ಲಾಂದ್ರೆ ಒಳಗಿಂದಲೇ ತುಕ್ಕು ಹಿಡಿಯುತ್ತೆ.