ನೀವು ಸದ್ಯ ಯಾವ ಆಲ್ಬಂಗಳನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಿದ್ದೀರಿ, ಏಕೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಪ್ಲೇಲಿಸ್ಟ್‌ನ ಬಿಡಿ ಹಾಡುಗಳನ್ನು ಬದಿಗಿಟ್ಟು ಇಡೀ ಆಲ್ಬಂ ಕೇಳುವ ರೂಢಿಯುಳ್ಳವರು ಈಗ ಯಾವುದನ್ನು ಕೇಳುತ್ತಿದ್ದಾರೆ ಎಂಬುದು ಮೊದಲನೆಯದು. ಹಾಗೆ ಕೇಳುವುದರಿಂದ ಹೆಚ್ಚಿಗೆ ದಕ್ಕುವುದಾದರೂ ಏನು ಎಂಬುದು ಎರಡನೆಯದು. ಎರಡನೆಯದಕ್ಕೆ ಸಾರಾಸಗಟಾಗಿ ಉತ್ತರಿಸುವುದು ನನ್ನಿಂದಾಗದು. ಸದ್ಯ ನಾನು ಕೇಳುತ್ತಿರುವ ಕೆಲವು ಆಲ್ಬಂಗಳನ್ನು ಹೆಸರಿಸಿ, ಅವುಗಳಲ್ಲಿ ಏನನ್ನು ಕೇಳುತ್ತಿದ್ದೇನೆ ಎಂಬುದನ್ನಷ್ಟೇ ಹೇಳಬಲ್ಲೆ.

ಈಚೆಗೆ ನಾನು ಆರಿಸಿಕೊಳ್ಳುತ್ತಿರುವುದೆಲ್ಲ ವಾದ್ಯಸಂಗೀತ. ಅದರಲ್ಲೂ ವಾದ್ಯಗಳ ಜೊತೆಗೆ ಅವು ನುಡಿದ ಕೋಣೆಯ ಸದ್ದೂ ಕಿವಿಗೆ ಬೀಳುವಂಥ ಆಲ್ಬಂಗಳ ಕಡೆಗೆ ಮನಸ್ಸು ವಾಲಿದೆ. ಚಾವಣಿಯ ಎತ್ತರ, ಗೋಡೆಗಳು ಸ್ವರವನ್ನು ಹಿಡಿದಿಟ್ಟುಕೊಂಡು ಮರಳಿಸುವ ರೀತಿ, ಕಲಾವಿದರು ಎಷ್ಟು ಹತ್ತಿರ ಕುಳಿತಿದ್ದರು ಎಂಬುದು, ಇವೆಲ್ಲ ಒಂದು ಹಾಡಿನ ನಾಲ್ಕು ನಿಮಿಷಗಳಲ್ಲಿ ಗಮನಕ್ಕೆ ಬರುವುದು ಅಪರೂಪ. ನಲವತ್ತು ನಿಮಿಷ ಅದೇ ಜಾಗದಲ್ಲಿ ಕಿವಿ ನೆಟ್ಟಾಗ ಅದು ತಾನಾಗಿ ಕೇಳಿಸತೊಡಗುತ್ತದೆ.

ಈ ಸಾಲಿನಲ್ಲಿ ಮೊದಲು ನಿಲ್ಲುವುದು ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. ಜಾಝ್ ಕೇಳದವರೂ ಹೆಸರು ಕೇಳಿರುವ ಆಲ್ಬಂ ಇದು; ಇದನ್ನು ಶಿಫಾರಸು ಮಾಡುವುದು ಹೊಸ ಸಂಗತಿಯೇನಲ್ಲ ಎಂಬುದು ನನಗೆ ಗೊತ್ತು. 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನಗಳಲ್ಲಿ, ನ್ಯೂಯಾರ್ಕಿನ 30ನೆಯ ಬೀದಿಯಲ್ಲಿದ್ದ ಕೊಲಂಬಿಯಾ ಸಂಸ್ಥೆಯ ಸ್ಟುಡಿಯೊದಲ್ಲಿ ಇದರ ಧ್ವನಿಮುದ್ರಣ ಮುಗಿಯಿತು. ಆ ಸ್ಟುಡಿಯೊ ಮೊದಲು ಒಂದು ಚರ್ಚ್ ಆಗಿತ್ತು. ಆ ಎತ್ತರದ ಚಾವಣಿ ಎಷ್ಟು ದೊಡ್ಡ ಪಾತ್ರ ವಹಿಸಿದೆಯೆಂದು ತಿಳಿಯಬೇಕಾದರೆ ಮೊದಲ ರಚನೆಯಾದ ‘ಸೋ ವಾಟ್’ನ ಒಂದು ಕ್ಷಣ ಸಾಕು. ಪಿಯಾನೊ ಮತ್ತು ಡಬಲ್ ಬೇಸ್‌ಗಳ ಪೀಠಿಕೆ, ಅನಂತರ ಎಲ್ಲರೂ ಸೇರಿ ನುಡಿಸುವ ಪಲ್ಲವಿಯಂಥ ಭಾಗ ಮುಗಿದು ಡೇವಿಸ್ ಅವರ ಟ್ರಂಪೆಟ್ ಒಂಟಿಯಾಗಿ ಹೊರಡುವಾಗ, ಡ್ರಮ್ ನುಡಿಸುತ್ತಿದ್ದ ಜಿಮ್ಮಿ ಕಾಬ್ ಸಿಂಬಲ್ ಮೇಲೆ ಒಂದು ಪೆಟ್ಟು ಕೊಡುತ್ತಾರೆ. ಅಲ್ಲಿಯವರೆಗಿನ ಮೆಲುದನಿಗೆ ಆ ಪೆಟ್ಟು ತುಸು ಹೆಚ್ಚೇ ಜೋರು. ಆದರೆ ಅದರ ನಾದ ಕೂಡಲೇ ಅಡಗುವುದಿಲ್ಲ. ಟ್ರಂಪೆಟ್‌ನ ಮೊದಲ ಕೆಲವು ಸ್ವರಗಳ ಹಿಂದೆ ಹರಡಿಕೊಂಡು, ತೆಳುವಾಗುತ್ತ ಬಹಳ ಹೊತ್ತು ಉಳಿಯುತ್ತದೆ. ಇಕ್ಕಟ್ಟಾದ ಕೋಣೆಯಲ್ಲಿ ಅದೇ ಪೆಟ್ಟು ಕಿವಿಗೆ ಒರಟಾಗುತ್ತಿತ್ತು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಕರ್ನಾಟಕ ಸಂಗೀತದ ಪರಿಚಯವಿರುವವರಿಗೆ ಈ ರಚನೆಯೊಳಗೆ ಹೋಗಲು ಇನ್ನೊಂದು ಬಾಗಿಲಿದೆ. ಆಗಿನ ಜಾಝ್‌ನಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ಸ್ವರಮೇಳಗಳ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಅಂದರೆ ಕಾರ್ಡ್‌ಗಳ) ಬೆನ್ನು ಹತ್ತಿ ಓಡುವುದೇ ವಾದಕನ ಸಾಮರ್ಥ್ಯದ ಪರೀಕ್ಷೆಯಾಗಿತ್ತು. ಡೇವಿಸ್ ಆ ಓಟವನ್ನು ನಿಲ್ಲಿಸಿ, ಒಂದೇ ಸ್ವರಶ್ರೇಣಿಯಲ್ಲಿ ನೆಲೆನಿಂತು ಬೆಳೆಸಲು ಅವಕಾಶ ಮಾಡಿಕೊಟ್ಟರು. ‘ಸೋ ವಾಟ್’ನ ಒಂದು ಸುತ್ತಿನಲ್ಲಿ ನಾಲ್ಕು ಎಣಿಕೆಯ 32 ಆವರ್ತಗಳಿವೆ. ಮೊದಲ 16 ಡೋರಿಯನ್ ಎಂಬ ಶ್ರೇಣಿಯಲ್ಲಿ ಸಾಗುತ್ತವೆ; ಮುಂದಿನ 8 ಆವರ್ತಗಳಲ್ಲಿ ಅದೇ ಶ್ರೇಣಿ ಅರ್ಧ ಸ್ವರ ಮೇಲಕ್ಕೆ ಸರಿದು, ಕೊನೆಯ 8ರಲ್ಲಿ ಮೊದಲಿನ ಜಾಗಕ್ಕೆ ಮರಳುತ್ತದೆ. ಡೋರಿಯನ್‌ನ ಸ್ವರಗಳು ಖರಹರಪ್ರಿಯ ಮೇಳದ ಸ್ವರಗಳೇ. ಹಾಗೆಂದು ಅದು ಖರಹರಪ್ರಿಯ ರಾಗವಲ್ಲ, ಏಕೆಂದರೆ ಗಮಕವಿಲ್ಲ, ರಾಗದ ಸಂಚಾರಗಳಿಲ್ಲ. ಆದರೂ ಷಡ್ಜವೇ ಅರ್ಧ ಸ್ವರ ಏರಿ ಮತ್ತೆ ಇಳಿಯುವುದನ್ನು ಕಿವಿ ಒಮ್ಮೆ ಗುರುತಿಸಿದರೆ, ಟ್ರಂಪೆಟ್, ಜಾನ್ ಕೋಲ್ಟ್ರೇನ್ ಅವರ ಟೆನರ್ ಸ್ಯಾಕ್ಸೊಫೋನ್, ಕ್ಯಾನನ್‌ಬಾಲ್ ಆ್ಯಡರ್ಲಿ ಅವರ ಆಲ್ಟೊ ಸ್ಯಾಕ್ಸೊಫೋನ್ ಮೂರೂ ಆ ತಿರುವನ್ನು ಎಷ್ಟು ಬೇರೆ ಬೇರೆಯಾಗಿ ದಾಟುತ್ತವೆ ಎಂಬುದನ್ನು ಹಿಂಬಾಲಿಸಬಹುದು. ಸ್ಟೀರಿಯೊ ಆವೃತ್ತಿಯಲ್ಲಿ ಕೋಲ್ಟ್ರೇನ್ ಎಡಗಡೆ, ಆ್ಯಡರ್ಲಿ ಬಲಗಡೆ ಇರುವುದರಿಂದ ಹೆಡ್‌ಫೋನ್‌ನಲ್ಲಿ ಈ ಹಿಂಬಾಲಿಕೆ ಸುಲಭ. ಕೊನೆಯ ‘ಫ್ಲಮೆಂಕೊ ಸ್ಕೆಚಸ್’ ಇನ್ನೂ ಮುಂದೆ ಹೋಗುತ್ತದೆ: ಅಲ್ಲಿ ಐದು ಶ್ರೇಣಿಗಳಿವೆ, ಒಂದೊಂದರಲ್ಲಿ ಎಷ್ಟು ಹೊತ್ತು ಇರಬೇಕೆಂಬುದು ನುಡಿಸುವವರ ಮರ್ಜಿ. ಆಲಾಪನೆ ಕೇಳಿ ಬೆಳೆದವರಿಗೆ ಈ ಏರ್ಪಾಡನ್ನು ವಿವರಿಸಿ ಹೇಳಬೇಕಾಗಿಲ್ಲ.

ಯಾವ ಆವೃತ್ತಿ ಕೇಳಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಮೊದಲ ದಿನದ ಧ್ವನಿಮುದ್ರಣದಲ್ಲಿ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು. ಅದನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಶ್ರುತಿ ಏರುವುದು ಸಹಜ. ಹೀಗಾಗಿ ಮೊದಲ ಮೂರು ರಚನೆಗಳು ಮೂರು ದಶಕಗಳಿಗೂ ಹೆಚ್ಚು ಕಾಲ ತುಸು ಏರಿದ ಶ್ರುತಿಯಲ್ಲೇ ಮಾರಾಟವಾದವು. ಮುನ್ನೆಚ್ಚರಿಕೆಗೆಂದು ಜೊತೆಯಲ್ಲೇ ಓಡಿಸಿದ್ದ ಎರಡನೆಯ ಯಂತ್ರದ ಟೇಪ್ ಬಳಸಿ 1992ರ ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಯಿತು. ರೆಕಾರ್ಡ್ ಹಾಕಿಕೊಂಡು ಅದರ ಜೊತೆಗೆ ಕುಳಿತು ಅದೇ ಸ್ವರಗಳನ್ನು ನುಡಿಸಲು ಯತ್ನಿಸಿ ವಾದ್ಯದ ಶ್ರುತಿ ಕೂಡದೆ ಕಂಗಾಲಾದ ವಿದ್ಯಾರ್ಥಿಗಳು ಅದೆಷ್ಟು ಮಂದಿಯೋ!

ಅದೇ 30ನೆಯ ಬೀದಿಯ ಸ್ಟುಡಿಯೊ ನನ್ನನ್ನು ಒಂದು ಜೋಡಿ ಆಲ್ಬಂಗಳತ್ತ ಕರೆದೊಯ್ದಿತು. ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಜರ್ಮನಿಯ ಸಂಯೋಜಕ ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಅನ್ನು 1955ರಲ್ಲಿ ಅಲ್ಲಿ ನುಡಿಸಿದರು. 1981ರಲ್ಲಿ ಅದೇ ಕೃತಿಯನ್ನು ಅದೇ ಸ್ಟುಡಿಯೊದಲ್ಲಿ ಮತ್ತೆ ನುಡಿಸಿದರು. ಒಂದು ಆರಿಯಾ (ಹಾಡಿನಂಥ ಮೂಲ ರಚನೆ), ಅದರ ಮಂದ್ರದ ನಡೆಯನ್ನು ಆಧರಿಸಿದ 30 ರೂಪಾಂತರಗಳು, ಕೊನೆಯಲ್ಲಿ ಮತ್ತೆ ಅದೇ ಆರಿಯಾ, ಇಷ್ಟು ಈ ಕೃತಿಯ ಚೌಕಟ್ಟು. ಮೊದಲ ಧ್ವನಿಮುದ್ರಣ ಸುಮಾರು 38 ನಿಮಿಷಗಳಲ್ಲಿ ಮುಗಿದರೆ ಎರಡನೆಯದು 51 ನಿಮಿಷಗಳದ್ದು. ಈ ವ್ಯತ್ಯಾಸದಲ್ಲಿ ಒಂದು ಪಾಲು ಎರಡನೆಯ ಸಲ ಕೆಲವು ಭಾಗಗಳನ್ನು ಪುನರಾವರ್ತಿಸಿದ್ದರಿಂದ ಬಂದದ್ದು, ಉಳಿದದ್ದು ಕಾಲಪ್ರಮಾಣದ್ದು. ಆರಂಭದ ಆರಿಯಾ ಮೊದಲ ಸಲ ಎರಡು ನಿಮಿಷದೊಳಗೆ ಮುಗಿದಿತ್ತು, ಎರಡನೆಯ ಸಲ ಮೂರು ನಿಮಿಷ ದಾಟಿತು.

ಯೌವನದಲ್ಲಿ ವೇಗ, ಮಾಗಿದ ಮೇಲೆ ನಿಧಾನ ಎಂದು ಇದನ್ನು ಸರಳಗೊಳಿಸುವವರು ಬಹಳ. ಅಂಥವರು 25ನೆಯ ರೂಪಾಂತರವನ್ನು ಎರಡೂ ಆಲ್ಬಂಗಳಲ್ಲಿ ಒಂದಾದ ಮೇಲೊಂದು ಕೇಳಬೇಕು. ಇಡೀ ಕೃತಿಯಲ್ಲೇ ಅತ್ಯಂತ ವಿಷಣ್ಣವಾದ, ವಿಳಂಬ ಕಾಲದ ಆ ಭಾಗವನ್ನು 22ರ ಗೂಲ್ಡ್ ತುಸು ಹೆಚ್ಚು ನಿಧಾನವಾಗಿ ನುಡಿಸಿದ್ದಾರೆ. 48ರ ಗೂಲ್ಡ್ ಸ್ವಲ್ಪ ಬೇಗನೆ ದಾಟಿಹೋಗಿದ್ದಾರೆ. ಎರಡನೆಯ ಸಲ ಅವರು ಬಯಸಿದ್ದು ನಿಧಾನವನ್ನಲ್ಲ, ಎಲ್ಲ ರೂಪಾಂತರಗಳ ಕೆಳಗೂ ಹರಿಯುವ ಒಂದೇ ಲಯದ ನಾಡಿಯನ್ನು. ಒಂದು ಮುಗಿದು ಇನ್ನೊಂದು ಹೊರಡುವಾಗ ಹಳೆಯ ಕಾಲಪ್ರಮಾಣಕ್ಕೂ ಹೊಸದಕ್ಕೂ ಲೆಕ್ಕದ ಸಂಬಂಧ ಇರುತ್ತದೆ. ಇದು ಬಿಡಿ ಭಾಗಗಳಲ್ಲಿ ಸಿಗುವ ವಸ್ತುವೇ ಅಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನಲ್ಲಿರುವ ಗಟ್ಟಿಯಾದ ಉತ್ತರವೆಂದರೆ ಇದೊಂದೇ. ಗೂಲ್ಡ್ ನುಡಿಸುತ್ತಾ ಗುನುಗುವುದು ಎರಡರಲ್ಲೂ ಕೇಳಿಸುತ್ತದೆ. ಕೆಲವರಿಗೆ ಅದು ಕಿರಿಕಿರಿ. ನನಗೆ ಮಾತ್ರ, ಸಂಗೀತದಲ್ಲಿ ಏಕಕಾಲಕ್ಕೆ ಸಾಗುವ ಒಳಗಿನ ದನಿಗಳಲ್ಲಿ ಅವರು ಆ ಹೊತ್ತಿಗೆ ಯಾವುದರ ಮೇಲೆ ಗಮನವಿಟ್ಟಿದ್ದಾರೆ ಎಂಬುದನ್ನು ತೋರಿಸಿಕೊಡುವ ಗುನುಗು ಅದು. 1964ರಲ್ಲೇ ವೇದಿಕೆಯನ್ನು ತೊರೆದು ಸ್ಟುಡಿಯೊವನ್ನೇ ನೆಚ್ಚಿಕೊಂಡಿದ್ದ ಅವರು, ಎರಡನೆಯ ಆಲ್ಬಂ 1982ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಬೆನ್ನಿಗೇ, ಅಕ್ಟೋಬರ್ 4ರಂದು ತೀರಿಕೊಂಡರು.

ಮೂರನೆಯದು ‘ಎ ಮೀಟಿಂಗ್ ಬೈ ದಿ ರಿವರ್’. ಗಿಟಾರನ್ನೇ ಮಾರ್ಪಡಿಸಿ ರೂಪಿಸಿದ ಮೋಹನವೀಣೆಯ ವಿಶ್ವಮೋಹನ ಭಟ್ಟರೂ ಅಮೆರಿಕದ ಸ್ಲೈಡ್ ಗಿಟಾರ್ ವಾದಕ ರೈ ಕೂಡರ್ ಅವರೂ 1992ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಒಂದು ಚಾಪೆಲ್‌ನಲ್ಲಿ (ಪ್ರಾರ್ಥನಾ ಮಂದಿರ) ಕುಳಿತು ನುಡಿಸಿದ ನಾಲ್ಕು ರಚನೆಗಳು ಇದರಲ್ಲಿವೆ. 1993ರಲ್ಲಿ ಹೊರಬಂದ ಇದಕ್ಕೆ ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಬಂತು. ಇಬ್ಬರಿಗೂ ಹಿಂದಿನ ಪರಿಚಯ ಇರಲಿಲ್ಲ. ಭೇಟಿಯಾದ ಸ್ವಲ್ಪ ಹೊತ್ತಿಗೇ ನುಡಿಸತೊಡಗಿದರು. ಇಬ್ಬರೂ ತಂತಿಯ ಮೇಲೆ ಜಾರುವ ಸಾಧನವನ್ನೇ ನಂಬಿದವರಾದ್ದರಿಂದ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನ ಭಾಷೆ ಇಬ್ಬರಿಗೂ ಗೊತ್ತಿತ್ತು, ಆದರೆ ವಾಕ್ಯ ಮುಗಿಸುವ ರೀತಿ ಬೇರೆ: ಭಟ್ಟರು ಸ್ವರದಿಂದ ಸ್ವರಕ್ಕೆ ದಾರಿಯನ್ನು ಅಲಂಕರಿಸುತ್ತ ಬಂದು ನಿಲ್ಲುತ್ತಾರೆ, ಕೂಡರ್ ಒಂದು ಸ್ವರವನ್ನು ತಲುಪಿ ಅದನ್ನು ಹಾಗೆಯೇ ಬಿಟ್ಟು ಕಾಯುತ್ತಾರೆ. ಆ ಕಾಯುವಿಕೆಯನ್ನು ತುಂಬುವುದು ಚಾಪೆಲ್‌ನ ಅನುರಣನ. ತಾಳವಾದ್ಯಗಳ ಪಾತ್ರ ಇಲ್ಲಿ ಹಿತಮಿತವಾಗಿದೆ, ಅದೂ ಒಳ್ಳೆಯದೇ ಆಯಿತು.

ಇದರ ಪಕ್ಕದಲ್ಲಿಟ್ಟು ಕೇಳುತ್ತಿರುವುದು ಮಾಲಿ ದೇಶದ ಅಲಿ ಫರ್ಕಾ ಟೂರೆ ಮತ್ತು ತುಮಾನಿ ಜಬಾತೆ ಅವರ ‘ಇನ್ ದಿ ಹಾರ್ಟ್ ಆಫ್ ದಿ ಮೂನ್’ (2005). ಬಮಾಕೊ ನಗರದಲ್ಲಿ, ನೈಜರ್ ನದಿಯ ದಂಡೆಯ ಒಂದು ಹೋಟೆಲಿನಲ್ಲಿ, ತಾಲೀಮೆಂಬುದೇ ಹೆಚ್ಚುಕಡಿಮೆ ಇಲ್ಲದೆ ಇದರ ಧ್ವನಿಮುದ್ರಣ ನಡೆಯಿತು. ಟೂರೆ ಗಿಟಾರ್‌ನಲ್ಲಿ ಒಂದು ಚಿಕ್ಕ ಪಲುಕನ್ನು ಹಿಡಿದು ಸುತ್ತುತ್ತಲೇ ಇರುತ್ತಾರೆ. ಜಬಾತೆ ಅವರ ಕೋರಾ, ಅಂದರೆ 21 ತಂತಿಗಳ ಪಶ್ಚಿಮ ಆಫ್ರಿಕದ ಹಾರ್ಪ್‌ನಂಥ ವಾದ್ಯ, ಅದರ ಮೇಲಿಂದ ಧಾರೆಯಾಗಿ ಸುರಿದು ಹೋಗುತ್ತದೆ. ಗಮನವಿಟ್ಟು ಕೇಳಬೇಕಾದದ್ದು ಗಿಟಾರನ್ನು. ಎಲ್ಲರ ಕಿವಿಯೂ ಕೋರಾದ ಕಡೆಗೆ ಹೋಗುವುದು ಸಹಜ, ಆದರೆ ಟೂರೆ ಆ ಪಲುಕನ್ನು ಪ್ರತಿ ಸುತ್ತಿನಲ್ಲೂ ಒಂದು ಕೂದಲೆಳೆಯಷ್ಟು ಬದಲಿಸುತ್ತಾರೆ, ಮತ್ತು ಕೋರಾ ಮರುಸುತ್ತಿನಲ್ಲೇ ಅದಕ್ಕೆ ಉತ್ತರ ಕೊಡುತ್ತದೆ.

ಅಮೆರಿಕದ ಪಿಯಾನೊ ವಾದಕ ಕೀತ್ ಜಾರೆಟ್ ಒಬ್ಬರೇ ಕುಳಿತು ಮನೋಧರ್ಮದಿಂದ ನುಡಿಸಿದ ‘ದಿ ಕೋಲ್ನ್ ಕಾನ್ಸರ್ಟ್’ ಬಗ್ಗೆ ನನಗೆ ಮಿಶ್ರ ಭಾವನೆಗಳಿವೆ. 1975ರ ಜನವರಿ 24ರಂದು ಜರ್ಮನಿಯ ಕೋಲ್ನ್ ನಗರದ ಆಪೆರಾ ಭವನದಲ್ಲಿ, ಕೇಳಿದ್ದ ದೊಡ್ಡ ಪಿಯಾನೊದ ಬದಲು ತಾಲೀಮಿಗೆ ಬಳಸುತ್ತಿದ್ದ ಚಿಕ್ಕ, ಅರೆಬರೆ ರಿಪೇರಿಯ ಪಿಯಾನೊ ಸಿಕ್ಕಿತೆಂಬ ಕಥೆ ಎಲ್ಲರಿಗೂ ಗೊತ್ತು. ಆ ಕಥೆ ಎಷ್ಟು ಬೆಳೆದಿದೆಯೆಂದರೆ ಸಂಗೀತವೇ ಅದರ ಉದಾಹರಣೆಯಂತೆ ಕಾಣತೊಡಗಿದೆ. ತಾರದ ಸ್ವರಗಳು ಕರ್ಕಶ, ಮಂದ್ರದಲ್ಲಿ ತುಂಬುದನಿಯಿಲ್ಲ ಎಂಬ ಕಾರಣಕ್ಕೆ ಅವರು ಮಧ್ಯದ ಭಾಗದಲ್ಲೇ ಹೆಚ್ಚು ನಿಂತು, ಎಡಗೈಯಲ್ಲಿ ಒಂದೇ ನಡೆಯನ್ನು ಮತ್ತೆ ಮತ್ತೆ ಉರುಳಿಸಿದರು. ಮೊದಲ ಭಾಗದ 26 ನಿಮಿಷಗಳಲ್ಲಿ ಈ ನಿರ್ಬಂಧ ಅದ್ಭುತವಾಗಿ ಫಲಿಸಿದೆ. ಎರಡನೆಯ ಭಾಗದಲ್ಲಿ ಎಡಗೈಯ ನಡೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸುತ್ತುತ್ತದೆ ಎಂಬುದು ನನ್ನ ಅನಿಸಿಕೆ, ಒಪ್ಪದವರು ಅನೇಕರಿದ್ದಾರೆ. ಆ ಭಾಗ ತುಂಡಾಗಿರುವುದು ಜಾರೆಟ್ ಇಚ್ಛೆಯಿಂದಲ್ಲ. ಎಲ್‌ಪಿಯ, ಅಂದರೆ ಗ್ರಾಮಫೋನ್ ತಟ್ಟೆಯ, ಒಂದು ಬದಿಯಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷಗಳಿಗಿಂತ ಹೆಚ್ಚು ತುಂಬಿದರೆ ಗೀರುಗಳು ಇಕ್ಕಟ್ಟಾಗಿ ಧ್ವನಿ ಕುಗ್ಗುತ್ತದೆ. ತಟ್ಟೆ ಒಂದೇ ವೇಗದಲ್ಲಿ ತಿರುಗುವುದರಿಂದ ಒಳಸುತ್ತುಗಳಲ್ಲಿ ಮುಳ್ಳಿನ ಕೆಳಗೆ ಗೀರು ನಿಧಾನವಾಗಿ ಹಾಯ್ದು, ಸೂಕ್ಷ್ಮವಾದ ತಾರಸ್ವರಗಳು ಮಂಕಾಗುತ್ತವೆ. ಹಳೆಯ ಆಲ್ಬಂಗಳಲ್ಲಿ ಬದಿಯ ಕೊನೆಗೆ ಮೆಲುವಾದ ರಚನೆಗಳು ಬರುವುದಕ್ಕೆ ಇದೂ ಒಂದು ಕಾರಣ.

ಕೋಣೆಯ ಸದ್ದಿನ ಈ ಸಾಲಿಗೆ ಸೇರದ ಎರಡು ಆಲ್ಬಂಗಳೂ ನಡುನಡುವೆ ಬರುತ್ತಿವೆ. ಸಂತೂರಿನ ಶಿವಕುಮಾರ್ ಶರ್ಮಾ, ಕೊಳಲಿನ ಹರಿಪ್ರಸಾದ್ ಚೌರಾಸಿಯಾ, ಗಿಟಾರಿನ ಬ್ರಿಜ್‌ಭೂಷಣ್ ಕಾಬ್ರಾ ಸೇರಿ 1967ರಲ್ಲಿ ರೂಪಿಸಿದ ‘ಕಾಲ್ ಆಫ್ ದಿ ವ್ಯಾಲಿ’ ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಆಹಿರ್ ಭೈರವದ ಬೆಳಗಿನಿಂದ ರಾತ್ರಿಯ ಪಹಾಡಿಯವರೆಗೆ, ಹೊತ್ತಿಗೆ ತಕ್ಕ ರಾಗಗಳಲ್ಲಿ ನಡೆಸುತ್ತದೆ. ಅದರ ಕ್ರಮ ತಪ್ಪಿಸಿ ಕೇಳುವುದರಲ್ಲಿ ಅರ್ಥವಿಲ್ಲ. ಇನ್ನೊಂದು 2021ರ ‘ಪ್ರಾಮಿಸಸ್’. ಫ್ಲೋಟಿಂಗ್ ಪಾಯಿಂಟ್ಸ್ ಎಂಬ ಹೆಸರಿನ ಬ್ರಿಟಿಷ್ ಸಂಗೀತಗಾರ, ಸ್ಯಾಕ್ಸೊಫೋನ್‌ನ ಫೇರೊ ಸ್ಯಾಂಡರ್ಸ್ ಮತ್ತು ಲಂಡನ್ ಸಿಂಫನಿ ಆರ್ಕೆಸ್ಟ್ರಾ ಸೇರಿದ 46 ನಿಮಿಷಗಳ ಒಂದೇ ಕೃತಿ ಇದು. ಪಿಟೀಲುಗಳ ಸಮೂಹವನ್ನು ಬೇರೆಯಾಗಿ ಮುದ್ರಿಸಿ ಸೇರಿಸಿದ್ದಾರೆ, ಆದ್ದರಿಂದ ಇಲ್ಲಿ ಒಂದೇ ಕೋಣೆಯೆಂಬುದಿಲ್ಲ. ಬದಲಿಗೆ ಒಂದು ಚಿಕ್ಕ ಸ್ವರಗುಚ್ಛವಿದೆ. ಅದು ಆರಂಭದಿಂದಲೂ ಬಿಟ್ಟೂಬಿಡದೆ ಮರಳುತ್ತದೆ, ಮತ್ತು ಆಗ 80ರ ಹೊಸ್ತಿಲಲ್ಲಿದ್ದ ಸ್ಯಾಂಡರ್ಸ್ ಅದರ ಮೇಲೆ ತೀರ ಕಡಿಮೆ ಉಸಿರಿನಲ್ಲಿ ನುಡಿಸುತ್ತಾರೆ. ನಾಲ್ಕನೆಯ ಭಾಗದಲ್ಲಿ ಅವರು ವಾದ್ಯವನ್ನು ಕೆಳಗಿಟ್ಟು ಬಾಯಿಂದಲೇ, ಪದಗಳಿಲ್ಲದೆ ಏನೋ ಗೊಣಗುತ್ತಾರೆ. ಮೈಕ್ರೊಫೋನ್ ಎಷ್ಟು ಹತ್ತಿರವಿದೆಯೆಂದರೆ ತುಟಿಗಳ ಚಲನೆಯೂ ತಿಳಿಯುತ್ತದೆ. ಅದಾದ ಮೇಲೆ ಪಿಟೀಲುಗಳು ಉಬ್ಬುವುದು ನನಗೆ ಸ್ವಲ್ಪ ಸಿನಿಮೀಯವೆನಿಸಿದರೂ ಆ ಗೊಣಗಾಟಕ್ಕಾಗಿಯೇ ಮತ್ತೆ ಹಾಕುತ್ತೇನೆ.

ಇಡೀ ಆಲ್ಬಂ ಕೇಳುವ ಅಭ್ಯಾಸ ಈಗಷ್ಟೇ ಹಚ್ಚಿಕೊಳ್ಳುವುದಾದರೆ ‘ಎ ಮೀಟಿಂಗ್ ಬೈ ದಿ ರಿವರ್’ನಿಂದ ತೊಡಗಿ. ನಾಲ್ಕೇ ರಚನೆಗಳಿರುವುದರಿಂದ ಎಲ್ಲಿದ್ದೇವೆ ಎಂಬುದು ತಪ್ಪುವುದಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಕೇಳುವುದಾದರೆ ಷಫಲ್ ಆಯ್ಕೆಯನ್ನೂ, ಒಂದು ರಚನೆಯ ಕೊನೆಯನ್ನು ಇನ್ನೊಂದರ ಆರಂಭದೊಂದಿಗೆ ಬೆಸೆಯುವ ಕ್ರಾಸ್‌ಫೇಡ್ ಆಯ್ಕೆಯನ್ನೂ ಆಫ್ ಮಾಡಿಬಿಡಿ. ಗೂಲ್ಡ್ ಅವರ 1981ರ ಧ್ವನಿಮುದ್ರಣಕ್ಕೆ ಇದು ಕಡ್ಡಾಯ, ಏಕೆಂದರೆ ರೂಪಾಂತರಗಳ ನಡುವಿನ ಮೌನವೂ ಅವರ ಲಯದ ಲೆಕ್ಕದೊಳಗೇ ಇದೆ.